ಒಂದೇ ಹಳ್ಳಿಯ ನುಡಿ

ಆಸ್ಟ್ರೇಲಿಯದ ಉತ್ತರಕ್ಕಿರುವ ಪಪುವ ನ್ಯೂಗಿನಿಯನ್ನು ಭಾಷೆಗಳ ಅರಣ್ಯವೆಂದು ಕರೆದರೆ ಅತಿಶಯೋಕ್ತಿಯಾಗಲಾರದು. ಆ ಒಂದು ದೇಶದಲ್ಲಿ 800ಕ್ಕೂ ಮಿಕ್ಕ ನುಡಿಗಳುಂಟು. ಅವುಗಳಲ್ಲೊಂದಾದ ತಾಯಪ್ ಭಾಷೆಯನ್ನು ಕೇಳಬೇಕಾದರೆ ಸೆಪಿಕ್ ಮತ್ತು ರಾಮು ನದಿಗಳ ನಡುವಣ ಜೌಗು ಕಾಡನ್ನು ಹೊಗಬೇಕು. ದೋಣಿ ಸಾಗುವಷ್ಟು ದೂರ ದೋಣಿ. ಮುಂದೆ ಕೆಸರಿನಲ್ಲಿ ಕಾಲು ಹೂಳುತ್ತ, ಸೊಳ್ಳೆಗಳ ಮುತ್ತಿಗೆಯನ್ನು ಸಹಿಸುತ್ತ ನಡಿಗೆ. ಕೊನೆಗೆ ಸಿಗುವುದೇ ಗಾಪುನ್ ಎಂಬ ಪುಟ್ಟ ಹಳ್ಳಿ. ಸಾಗೊ ಮರದ ತಿರುಳಿನಿಂದ ತೆಗೆದ ಹಿಟ್ಟೇ ಅಲ್ಲಿಯವರಿಗೆ ಅನ್ನ. ತಾಯಪ್‌ಗೆ ಇದೊಂದೇ ಊರು; ನೆರೆಯ ಯಾವ ಭಾಷೆಯೊಡನೆಯೂ ಅದಕ್ಕೆ ರಕ್ತಸಂಬಂಧವಿಲ್ಲ.

ನುಡಿ ಚಿಕ್ಕದಾದರೂ ಸಾಮಾನ್ಯವಾದುದಲ್ಲ. ಜಡವಸ್ತುಗಳಿಗೂ ಅಲ್ಲಿ ಲಿಂಗಭೇದವುಂಟು: ಉದ್ದವೂ ದೊಡ್ಡದೂ ಆದುದು ಪುಲ್ಲಿಂಗ; ಗಿಡ್ಡವೂ ದುಂಡಗಿನದೂ ಆದುದು ಸ್ತ್ರೀಲಿಂಗ.

ಮಾನವಶಾಸ್ತ್ರಜ್ಞರಾದ ಡಾನ್ ಕುಲಿಕ್ 1980ರ ದಶಕದ ನಡುವಿನಲ್ಲಿ ಇಲ್ಲಿಗೆ ಬಂದಾಗ ತಾಯಪ್ ಬಲ್ಲವರು ಸುಮಾರು 90 ಮಂದಿ. ಆದರೆ ಹತ್ತು ವರ್ಷದೊಳಗಿನ ಒಂದು ಮಗುವೂ ಅದನ್ನು ಆಡುತ್ತಿರಲಿಲ್ಲ. ಮಕ್ಕಳ ಬಾಯಲ್ಲಿದ್ದುದು ದೇಶದ ಸಂಪರ್ಕಭಾಷೆಯಾದ ಟೋಕ್ ಪಿಸಿನ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತೆಂಗಿನ ತೋಟಗಳಿಗೆ ದುಡಿಯಲು ಹೋಗಿದ್ದ ತರುಣರು ಅದನ್ನು ಊರಿಗೆ ತಂದಿದ್ದರು. ಕ್ರಮೇಣ ಅದು ಗಂಡಸರ ಸಭೆಯ, ಕ್ರೈಸ್ತಧರ್ಮದ, ಹೊಸ ಬಾಳಿನ ಭಾಷೆಯಾಯಿತು. ತಾಯಪ್‌ಗೆ ಉಳಿದದ್ದು ಪೂರ್ವಿಕರು, ಹೊಲಕಾಡು ಮತ್ತು ಮನೆಯೊಳಗಿಂದಲೇ ಊರಿಗೆಲ್ಲ ಕೇಳುವಂತೆ ಗಂಡನನ್ನು ಬೈಯುವ ಹೆಂಗಸರ ಸಿಟ್ಟು!

ಹಾಗಾದರೆ ಮಕ್ಕಳಿಗೆ ಈ ನುಡಿಯನ್ನು ಕಲಿಸಬಾರದೆಂದು ಯಾರಾದರೂ ನಿರ್ಧರಿಸಿದರೇ? ಯಾರೂ ಇಲ್ಲ. ಸೋಜಿಗವಿರುವುದೇ ಇಲ್ಲಿ. ಹಸುಳೆಯ ಮೊದಲ ತೊದಲು ‘ಓಕಿ’ ಎಂದು ಗಾಪುನ್‌ನ ತಾಯಂದಿರು ಹೇಳುತ್ತಾರೆ. ತಾಯಪ್‌ನಲ್ಲಿ ಅದರ ಅರ್ಥ, ‘ನಾನು ಹೊರಟೆ’. ಮಗು ಹುಟ್ಟಿನಿಂದಲೇ ಹಟಮಾರಿ ಎಂಬುದು ಅವರ ನಂಬಿಕೆ. ಈ ಹಟಕ್ಕೆ ‘ಹೆಡ್’ ಎಂದೂ, ಬೆಳೆದಂತೆ ಬರುವ ವಿವೇಕಕ್ಕೆ ‘ಸಾವೆ’ ಎಂದೂ ಹೆಸರು. ಹಟ ತಾಯಪ್‌ನೊಡನೆ, ವಿವೇಕ ಟೋಕ್ ಪಿಸಿನ್‌ನೊಡನೆ ಬೆಸೆದುಕೊಂಡಿತು. ತಾಯಿ ತಾಯಪ್‌ನಲ್ಲಿ ಒಂದು ಮಾತು ಹೇಳುವಳು. ಮಗು ಕಿವಿಗೊಡದಿದ್ದರೆ ಅದನ್ನೇ ಟೋಕ್ ಪಿಸಿನ್‌ನಲ್ಲಿ ಮತ್ತೆ ಹೇಳುವಳು. ಯಾವುದಕ್ಕೆ ಓಗೊಡಬೇಕೆಂಬುದನ್ನು ಮಗು ಬೇಗನೆ ಕಲಿಯಿತು. ಇನ್ನು ಹಿರಿಯರನ್ನು ಕೇಳಿದರೆ, ‘ನಮ್ಮ ತಪ್ಪೇನು? ಮಕ್ಕಳೇ ಒಲ್ಲೆನ್ನುತ್ತಾರೆ’ ಎಂಬುದೇ ಉತ್ತರ.

ಆದರೂ ಕುಲಿಕ್ ಅವರಿಗೆ ಮುಂದೆ ಒಂದು ಅಚ್ಚರಿ ಕಾದಿತ್ತು. ಎಂದೂ ತಾಯಪ್ ಆಡದ ತರುಣ ತರುಣಿಯರನ್ನು ಏಕಾಂತದಲ್ಲಿ ಕೂರಿಸಿ ಕಥೆ ಹೇಳೆಂದಾಗ, ಅವರಲ್ಲಿ ಹಲವರು ಆ ನುಡಿಯಲ್ಲೇ ಚೆನ್ನಾಗಿ ಹೇಳಿದರು! ಕೇಳಿ ಕೇಳಿ ನುಡಿ ಎದೆಯಲ್ಲಿ ಇಳಿದಿತ್ತು. ತಪ್ಪಾಡಿದರೆ ಹಿರಿಯರು ನಕ್ಕಾರೆಂಬ ನಾಚಿಕೆ ನಾಲಗೆಯನ್ನು ಕಟ್ಟಿತ್ತು.

2019ರಲ್ಲಿ ಕುಲಿಕ್ ಮತ್ತು ಏಂಜೆಲಾ ಟೆರಿಲ್ ತಾಯಪ್‌ನ ವ್ಯಾಕರಣವನ್ನೂ ನಿಘಂಟನ್ನೂ ಪ್ರಕಟಿಸಿದರು. ಆ ವೇಳೆಗೆ ಅದನ್ನು ನಿರರ್ಗಳವಾಗಿ ಆಡುವವರು 50ಕ್ಕಿಂತ ಕಡಿಮೆ. ಹಳ್ಳಿಯ ಜನಸಂಖ್ಯೆಯೋ ಮೊದಲಿಗಿಂತ ಹೆಚ್ಚಿತ್ತು. ಊರು ಬೆಳೆಯಿತು, ನುಡಿ ಸೊರಗಿತು.

ನಿಘಂಟು ಮಾತುಗಳನ್ನು ಕಾಪಾಡೀತು, ಆಡಿಸಲಾರದು. ತಪ್ಪಾದರೂ ಸರಿ, ಆಡು ಮಗು ಎನ್ನುವ ಒಬ್ಬ ಅಜ್ಜಿ ಆ ಕೆಲಸವನ್ನು ನಿಘಂಟಿಗಿಂತ ಚೆನ್ನಾಗಿ ಮಾಡಬಲ್ಲಳು. ಗಾಪುನ್‌ನ ‘ಓಕಿ’ ಎಂಬ ತೊದಲನ್ನು ನೆನೆದಾಗ ಮನಸ್ಸು ಮರುಗುತ್ತದೆ. ಹೊರಟೆನೆಂದದ್ದು ಮಗುವೋ, ನುಡಿಯೋ?