ಹಿಂದೆ ಏನಾದರೂ ಇತ್ತೆ?

“ಹಿಂದೆ ಏನಾದರೂ ಸೀಕು ಇತ್ತೆ?” ಎಂದು ಕೇಳಿದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಸಾಮಾನ್ಯವಾಗಿ ಸಿಕ್ಕುವ ಉತ್ತರ ಒಂದೇ: “ಏನೂ ಇಲ್ಲಪ್ಪ, ದೇವರ ದಯೆ.” ಹೆಣ್ಣು ನೋಡಲು ಬಂದವರು ಕೇಳಿದರೂ ಅದೇ, ಜೀವವಿಮೆಯ ಏಜೆಂಟರು ಕೇಳಿದರೂ ಅದೇ. ಸುಳ್ಳು ಹೇಳಬೇಕೆಂಬ ಹಟ ಇದರಲ್ಲಿ ಕಡಿಮೆ. ಹೋದ ಕಾಯಿಲೆಯ ಹೆಸರೆತ್ತಿದರೆ ಅದು ತಿರುಗಿ ಬಂದೀತೆಂಬ ಅಳುಕು ಒಂದು, ಮನೆಯ ಮಾತು ಅಂಗಳ ದಾಟಬಾರದೆಂಬ ಮಾನ ಇನ್ನೊಂದು. ಎಳವೆಯಲ್ಲಿ ಮಗುವಿಗೆ ಅಪಸ್ಮಾರ ಬಂದಿದ್ದರೆ ಅದು ಅಜ್ಜಿಗೂ ತಾಯಿಗೂ ಮಾತ್ರ ಗೊತ್ತು. ಅಜ್ಜಿ ಕಣ್ಣು ಮುಚ್ಚಿದ ಮೇಲೆ ತಾಯಿಯೂ ಅದನ್ನು ಮರೆತವಳಂತೆ ಇದ್ದುಬಿಡುತ್ತಾಳೆ.

ಹೀಗೆ ಬೆಳೆದ ನಮಗೆ ವಾಹನ ಓಡಿಸುವ ಲೈಸನ್ಸಿನ ಅರ್ಜಿ ತುಂಬುವುದು ಕಷ್ಟವೇನಲ್ಲ. ಅಪಸ್ಮಾರವಾಗಲಿ, ಇದ್ದಕ್ಕಿದ್ದಂತೆ ಎಚ್ಚರ ತಪ್ಪುವುದಾಗಲಿ, ತಲೆಸುತ್ತಾಗಲಿ ಇದೆಯೆ ಎಂಬುದು ಅದರ ಮೊದಲ ಪ್ರಶ್ನೆ. 25 ಮೀಟರ್ ದೂರದ ನಂಬರು ಫಲಕ ಕಾಣುತ್ತದೆಯೆ, ಇರುಳುಗುರುಡು ಇದೆಯೆ ಎಂದೂ ಮುಂದೆ ಕೇಳುತ್ತಾರೆ. ನಲವತ್ತು ದಾಟಿದ ನನ್ನಂಥವರು ಡಾಕ್ಟರ ಸರ್ಟಿಫಿಕೇಟನ್ನೂ ಜೊತೆಗೆ ಇಡಬೇಕು. ಆ ಪ್ರಶ್ನೆಗಳನ್ನು ಗಮನಿಸಿ ನೋಡಿ: ಇದೆಯೆ, ಕಾಣುತ್ತದೆಯೆ, ಕೇಳುತ್ತದೆಯೆ. ಎಲ್ಲವೂ ವರ್ತಮಾನಕಾಲ. ಶಿರಾಡಿ ಘಾಟಿಯ ತಿರುವಿನಲ್ಲಿ ನಲವತ್ತು ಜನರ ಪ್ರಾಣ ಕೈಯಲ್ಲಿ ಹಿಡಿದವನನ್ನೂ ಆ ಕಾಗದ ಕೇಳುವುದು ಇಂದಿನ ಮಾತನ್ನೇ.

ವೈಮಾನಿಕರ ಕಾಗದ ಹಾಗಲ್ಲವೆಂದು ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಸಂಪಾಜೆಯ ಹತ್ತಿರ ಅವರ ಅಡಿಕೆ ತೋಟ. ಹಳದಿ ಎಲೆ ರೋಗ ತಗಲಿ ಅರ್ಧ ತೋಟ ಹಾಳಾದ ಹೊತ್ತಿನಲ್ಲಿ, ಉಳಿದರ್ಧವನ್ನು ಬ್ಯಾಂಕಿಗೆ ಅಡವಿಟ್ಟು ತಂದೆ ಅವನನ್ನು ಪೈಲಟ್ ತರಬೇತಿಗೆ ಕಳಿಸಿದ್ದರು. ಈಗ ಸಾಲದ ಕಂತು, ತಂಗಿಯ ಓದು, ಮನೆಖರ್ಚು ಎಲ್ಲ ಅವನ ಸಂಬಳದ ಮೇಲೆ; ಆ ಸಂಬಳ ನಿಂತಿರುವುದು ವರ್ಷಕ್ಕೊಮ್ಮೆ ಹೊಸದಾಗಬೇಕಾದ ಒಂದು ವೈದ್ಯಕೀಯ ಸರ್ಟಿಫಿಕೇಟಿನ ಮೇಲೆ. ಮೂರು ವರ್ಷದ ಹಿಂದೆ ಅವನಿಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಅಂದೇ ತಿಳಿಸಿದ್ದ, ಕೆಲವು ವಾರ ಹಾರದೆ ಕುಳಿತು, ಚಿಕಿತ್ಸೆಯಾಗಿ, ಪುನಃ ಅರ್ಹನೆನಿಸಿಕೊಂಡಿದ್ದ. ಈ ಸಲ ರಜೆಯಲ್ಲಿ ತಂದೆಯೊಡನೆ ನಮ್ಮ ಮನೆಗೆ ಬಂದಾಗ ನವೀಕರಣದ ಮಾತು ಬಂತು.

“ಒಮ್ಮೆ ಹೇಳಿ ಆಗಿದೆಯಲ್ಲ ಮಾಷ್ಟ್ರೇ, ಪುನಃ ಯಾಕೆ ಬರೆಯುವುದು? ಕಲ್ಲು ಹೋಗಿ ಆಯಿತು. ಇಲ್ಲದ್ದನ್ನು ಇಲ್ಲ ಅಂತ ಬರೆದರೆ ಸುಳ್ಳಾಗ್ತದಾ?” ಎಂದರು ತಂದೆ.

“ಕೇಳಿದ್ದು ಈಗ ಇದೆಯಾ ಅಂತ ಅಲ್ಲ ಅಪ್ಪ, ಹಿಂದೆ ಇತ್ತಾ ಅಂತ. ನೀವೇ ಹೇಳಿ ಸರ್,” ಎಂದ ಮಗ.

ಪ್ರಶ್ನೆ ವೈದ್ಯಶಾಸ್ತ್ರದ್ದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಇದು ವ್ಯಾಕರಣದ್ದು. “ಇತ್ತೆ?” ಎಂದು ಕೇಳಿದವನಿಗೆ “ಈಗಿಲ್ಲ” ಎಂಬುದು ಉತ್ತರವಾಗದು. ಅಮೆರಿಕದವರು ಈ ಸಂದಿಗ್ಧವನ್ನೇ ಉಳಿಸಿಲ್ಲ. ಅವರ ನಮೂನೆ “ನಿಮ್ಮ ಬದುಕಿನಲ್ಲಿ ಎಂದಾದರೂ” ಎಂದೇ ಕೇಳುತ್ತದೆ. ಹತ್ತು ಸಲ ಹೇಳಿದ್ದರೂ ಹನ್ನೊಂದನೆಯ ಸಲ ಹೌದೆನ್ನಬೇಕು. ಹೊಸದೇನೂ ಇಲ್ಲದಿದ್ದರೆ “ಹಿಂದೆಯೇ ತಿಳಿಸಿದೆ, ಬದಲಾವಣೆಯಿಲ್ಲ” ಎಂದು ಪಕ್ಕದಲ್ಲಿ ಬರೆದರಾಯಿತು. 1944ರ ಷಿಕಾಗೋ ಒಪ್ಪಂದದ ಮೊದಲನೆಯ ಅನುಬಂಧವೂ, ವೈಮಾನಿಕನು ತನ್ನ ಮತ್ತು ತನ್ನ ಕುಟುಂಬದ ಆರೋಗ್ಯದ ಪೂರ್ವವೃತ್ತಾಂತವನ್ನು ತಿಳಿದಮಟ್ಟಿಗೆ ಪೂರ್ಣವಾಗಿ ಬರೆದು ಸಹಿ ಹಾಕಬೇಕೆನ್ನುತ್ತದೆ.

ಇಷ್ಟೊಂದು ಯಾಕೆ? ಬೆಂಗಳೂರಿನಲ್ಲಿ 1957ರಿಂದ ಇರುವ ವಾಯುಪಡೆಯ ವೈಮಾನಿಕ ವೈದ್ಯ ಸಂಸ್ಥೆಯಂಥ ಕಡೆಯಲ್ಲಿ ಎಷ್ಟು ನಿಪುಣ ವೈದ್ಯರು ಪರೀಕ್ಷಿಸಿದರೂ, ಅವರ ಯಂತ್ರಗಳಿಗೆ ಕಾಣುವುದು ಆ ಒಂದು ದಿನದ ದೇಹ. ಕಣ್ಣು, ಕಿವಿ, ರಕ್ತದ ಒತ್ತಡ ಸಿಕ್ಕಿಬಿಡುತ್ತವೆ. ಹೋದ ವರ್ಷ ಒಂದು ಬೆಳಗ್ಗೆ ಎಚ್ಚರ ತಪ್ಪಿದ್ದು, ನಿದ್ದೆಯಿಲ್ಲದೆ ಕಳೆದ ತಿಂಗಳು, ಮನಸ್ಸು ಕುಸಿದ ದಿನಗಳು, ಇವು ಯಾವ ಯಂತ್ರಕ್ಕೂ ಕಾಣವು. ಅವನ ಬಾಯಿಯಿಂದಲೇ ಬರಬೇಕು. ಕಿಡ್ನಿಯ ಕಲ್ಲೂ ಒಮ್ಮೆ ಬಂದವರಿಗೆ ಮತ್ತೆ ಬರುವುದುಂಟು. ಅದರ ನೋವು ತಿಂದವರಿಗೆ ಗೊತ್ತು, ಆ ಹೊತ್ತಿನಲ್ಲಿ ನೆಟ್ಟಗೆ ಕೂರುವುದೂ ಆಗದು. ವಿಮಾನ ನೆಲಕ್ಕಿಳಿಯುವ ಹೊತ್ತಿಗೆ ಅದು ಬಂದರೆ? ಹಾಗೆಯೇ ಪರೀಕ್ಷಿಸುವ ವೈದ್ಯರು ಪ್ರತಿ ಸಲವೂ ಒಬ್ಬರೇ ಆಗಿರುವುದಿಲ್ಲ. ಹಳೆಯ ಕಾಗದ ಎಲ್ಲೋ ಇದೆಯೆಂಬ ನಂಬಿಕೆಯಲ್ಲಿ ಹೊಸದರಲ್ಲಿ “ಇಲ್ಲ” ಎಂದರೆ, ಹೊಸ ವೈದ್ಯರು ಹುಡುಕಬೇಕಾದ್ದನ್ನು ಹುಡುಕದೆ ಬಿಡುತ್ತಾರೆ.

ಇಷ್ಟೆಲ್ಲ ಹೇಳಿದ ಮೇಲೂ ತಂದೆ ಮಾತಾಡಲಿಲ್ಲ. ಅವರಿಗೆ ತರ್ಕ ತಿಳಿಯದೆ ಅಲ್ಲ. ಅವರ ಕಣ್ಣಮುಂದೆ ಇದ್ದದ್ದು ಬ್ಯಾಂಕಿನ ಕಂತು. ಈ ಭಯವನ್ನು ಹಗುರವಾಗಿ ಕಾಣುವ ಹಾಗಿಲ್ಲ. 2015ರ ಮಾರ್ಚ್ 24ರಂದು ಬಾರ್ಸಿಲೋನಾದಿಂದ ಹೊರಟ ಜರ್ಮನ್‌ವಿಂಗ್ಸ್ ವಿಮಾನವನ್ನು ಅದರ ಸಹಚಾಲಕನೇ ಫ್ರಾನ್ಸಿನ ಆಲ್ಪ್ಸ್ ಬೆಟ್ಟಕ್ಕೆ ಅಪ್ಪಳಿಸಿದ. 150 ಮಂದಿ ಸತ್ತರು. ಅವನಿಗೆ ಹಿಂದೆ ಖಿನ್ನತೆ ಇದ್ದದ್ದು ದಾಖಲೆಯಲ್ಲಿತ್ತು. ಅದು ಮರುಕಳಿಸಿದ್ದನ್ನು ಮಾತ್ರ ಅವನು ಮುಚ್ಚಿಟ್ಟ. ಮರುವರ್ಷ ಬಂದ ಫ್ರಾನ್ಸಿನ ತನಿಖಾ ವರದಿ ಅವನನ್ನಷ್ಟೇ ಬೆರಳು ಮಾಡಿ ತೋರಿಸಿ ಮುಗಿಸಲಿಲ್ಲ. ಹೇಳಿದರೆ ಹಾರುವ ಹಕ್ಕು ಹೋದೀತು, ಸಂಪಾದನೆ ನಿಂತೀತು ಎಂಬ ಭಯ ಕೂಡ ಕಾರಣಗಳಲ್ಲೊಂದೆಂದು ಬರೆಯಿತು.

ಆದ್ದರಿಂದ ಹೇಳುವವನ ಧರ್ಮ ಎಷ್ಟೋ ಕೇಳುವವರ ಧರ್ಮವೂ ಅಷ್ಟೇ. ಸತ್ಯ ಹೇಳಿದವನ ಅನ್ನ ಕಿತ್ತುಕೊಂಡರೆ ಎರಡನೆಯವನು ಸತ್ಯ ಹೇಳಲಾರ. ಅಮೆರಿಕದ ವಿಮಾನಯಾನ ಇಲಾಖೆ 2010ರಲ್ಲಿ ಖಿನ್ನತೆಗೆ ನಾಲ್ಕು ಬಗೆಯ ಔಷಧಗಳಲ್ಲಿ ಒಂದನ್ನು ಸೇವಿಸುವವರಿಗೂ ಷರತ್ತಿನ ಮೇಲೆ ಹಾರಲು ಅವಕಾಶ ಕೊಟ್ಟಿತು. ಅದುವರೆಗೆ ಮುಚ್ಚಿಟ್ಟವರು ಆರು ತಿಂಗಳೊಳಗೆ ತಿಳಿಸಿದರೆ ತಾನು ದಂಡನೆಗೆ ಹೋಗುವುದಿಲ್ಲವೆಂದಿತು. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ 2023ರಲ್ಲಿ ವೈಮಾನಿಕರ ಮಾನಸಿಕ ಆರೋಗ್ಯದ ಕುರಿತು ಸೂಚನೆ ಹೊರಡಿಸಿ, ಸಹೋದ್ಯೋಗಿಗಳೇ ನೆರವಾಗುವ ವ್ಯವಸ್ಥೆ ಇರಲೆಂದಿತು. ಭಯವನ್ನು ತಗ್ಗಿಸಿದಷ್ಟೂ ಸತ್ಯ ಹೊರಗೆ ಬರುತ್ತದೆ.

ಇದು ಯಾವುದೋ ದೇಶದ ಮಾತೆಂದು ನಮ್ಮ ಜಿಲ್ಲೆಯವರು ಹೇಳುವ ಹಾಗಿಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದಿಂದ ಕೆಳಗೆ ಬಿದ್ದಾಗ 158 ಮಂದಿ ಸತ್ತರು. ಬದುಕಿದವರು ಎಂಟೇ ಜನ. ಅಲ್ಲಿ ಕಾಯಿಲೆಯ ಪ್ರಶ್ನೆ ಇರಲಿಲ್ಲ. ಆದರೆ ವಿಮಾನದ ನಾಯಕ ಹಾರಾಟದ ನಡುವೆ ಬಹಳ ಹೊತ್ತು ನಿದ್ರಿಸಿದ್ದನ್ನು ವಿಚಾರಣೆ ಗುರುತಿಸಿತು. ಒಬ್ಬನ ಮೈಯ ಸ್ಥಿತಿ ಅವನೊಬ್ಬನ ಸ್ವಂತ ವಿಷಯವಾಗಿ ಉಳಿಯದ ಜಾಗಗಳು ಲೋಕದಲ್ಲಿ ಕೆಲವಿವೆ; ವಿಮಾನದ ಆ ಮುಂದಿನ ಆಸನ ಅಂಥದೊಂದು.

ಮೌನವಾಗಿದ್ದ ತಂದೆಗೆ ನಾನು ಕೊನೆಗೆ ಹೇಳಿದ್ದು ಇಷ್ಟೆ: ವ್ಯಾಕರಣದಲ್ಲಿ ಭೂತವೆಂದರೆ ಆಗಿ ಹೋದದ್ದು. ನಮ್ಮ ತುಳುನಾಡಿನಲ್ಲಿ ಭೂತ ಹಾಗೆ ಹೋಗಿಬಿಡುವುದಿಲ್ಲ. ಅದನ್ನು ಮರೆತ ಮನೆಗೆ ನೆಮ್ಮದಿಯಿಲ್ಲ. ವರ್ಷಕ್ಕೊಮ್ಮೆ ಹೆಸರು ಹಿಡಿದು ಕರೆದು, ತಂಬಿಲ ಕಟ್ಟಿ, ಸಲ್ಲಬೇಕಾದ್ದನ್ನು ಸಲ್ಲಿಸಿದರೆ ಅದೇ ಮನೆಯನ್ನು ಕಾಯುತ್ತದೆ. ಹೋದ ವರ್ಷ ಕೊಟ್ಟಾಗಿದೆ, ಈ ವರ್ಷ ಬೇಡ ಎಂದು ನಾವು ಯಾರೂ ಹೇಳುವುದಿಲ್ಲ.

ಅವರು ಮುಗುಳ್ನಕ್ಕರು. ಮಗನ ಕಡೆ ತಿರುಗಿ, “ಆಸ್ಪತ್ರೆಯ ಕಾಗದ ಎಲ್ಲ ಮನೆಯ ಪೆಟ್ಟಿಗೆಯಲ್ಲಿ ಉಂಟು, ತೆಗೆದುಕೊಂಡು ಹೋಗು,” ಎಂದರು.

ಹುಡುಗ ಕಲ್ಲು ಬಂದ ವರ್ಷ, ಆದ ಚಿಕಿತ್ಸೆ, ಆಮೇಲೆ ಏನೂ ಕಾಣಿಸದ್ದು ಎಲ್ಲವನ್ನೂ ಬರೆದನಂತೆ. ವೈದ್ಯರು ಹೊಸದಾಗಿ ಸ್ಕ್ಯಾನ್ ಬೇಕೆಂದರು. ಅದಕ್ಕೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಸಂಪಾಜೆಯ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲವೆಂದು ಆಮೇಲೆ ತಿಳಿಯಿತು. ಐದನೆಯ ದಿನ ಸಂಜೆ ತಂದೆಯಿಂದ ನನಗೆ ಫೋನು ಬಂತು.

“ಮಾಷ್ಟ್ರೇ, ಈ ವರ್ಷದ್ದು ಆಯಿತು.”