ಎರಡು ರೈಲುಗಳ ನಡುವಿನ ಜಾಗ

10 ಆಗಸ್ಟ್ 2025, ಭಾನುವಾರ, ವಿಜಯನಗರ

ಬೆಂಗಳೂರು ಮೆಟ್ರೊದ ಹಳದಿ ಮಾರ್ಗ ಇವತ್ತು ಉದ್ಘಾಟನೆಯಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 16 ನಿಲ್ದಾಣ. ಟಿವಿ ತುಂಬ ಚಾಲಕರಹಿತ ರೈಲಿನದೇ ಸುದ್ದಿ. ಅದನ್ನು ಓಡಿಸುವ ಸಿಗ್ನಲ್ ಬಗ್ಗೆ ಯಾರೂ ಮಾತೆತ್ತಲಿಲ್ಲ. ರೈಲ್ವೆ ಸಿಗ್ನಲ್ ವಿಭಾಗದಲ್ಲೇ ಆಯುಷ್ಯ ಕಳೆದ ನನಗೆ ಬೇಸರವಾಯಿತು.

“ತಾತ, ಡ್ರೈವರೇ ಬೇಡ ಅಂತಾರೆ. ಮತ್ಯಾಕೆ 25 ನಿಮಿಷಕ್ಕೊಂದು ರೈಲು?” ಎಂದಳು ಮೊಮ್ಮಗಳು.

“ಇರೋದೇ ಮೂರು ರೈಲು ಕಣಮ್ಮ.”

12 ಆಗಸ್ಟ್, ಮಂಗಳವಾರ

ಬೆಳಗ್ಗೆ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಹೋದೆ. ಕೆಂಗೇರಿ ಕಡೆಯಿಂದ ಬಂದ ರೈಲು ವಿಜಯನಗರಕ್ಕೆ ಬರುವಷ್ಟರಲ್ಲೇ ಭರ್ತಿ. “ಬೆನ್ನಿಗೇ ಇನ್ನೊಂದು ಬಿಡಬಾರದಾ?” ಎಂದು ಪಕ್ಕದಲ್ಲಿದ್ದ ಹೆಂಗಸು ಗೊಣಗಿದರು. ನ್ಯಾಯವಾದ ಪ್ರಶ್ನೆ.

ನೇರಳೆ ಮಾರ್ಗದಲ್ಲಿ 2011ರಿಂದ ಇರುವುದು ‘ಡಿಸ್ಟೆನ್ಸ್ ಟು ಗೋ’ ಪದ್ಧತಿ. ಹಳಿಯನ್ನು ವಿಭಾಗಗಳಾಗಿ ಒಡೆದು, ಎಲ್ಲಿ ರೈಲಿದೆ ಎಂದು ಟ್ರ್ಯಾಕ್ ಸರ್ಕ್ಯೂಟ್‌ನಿಂದ ತಿಳಿಯುತ್ತಾರೆ. ಮುಂದಿನ ರೈಲಿನ ಕೊನೆಯ ಗಾಲಿಯೊಂದೇ ಉಳಿದಿದ್ದರೂ ಆ ಇಡೀ ವಿಭಾಗ ಹಿಂದಿನ ರೈಲಿಗೆ ಮುಚ್ಚಿದಂತೆಯೇ. ಮೀಟರ್ ಗೇಜ್ ಕಾಲದಲ್ಲಿ ಒಂಟಿ ಹಳಿಯ ಸೆಕ್ಷನ್‌ಗೆ ಟೋಕನ್ ಕೈಗೆ ಬಾರದೆ ಚಾಲಕ ಹೊರಡುತ್ತಿರಲಿಲ್ಲ. ಒಂದು ಜಾಗಕ್ಕೆ ಒಂದೇ ರೈಲು ಎಂಬ ಆ ನಿಯಮವೇ ಇಲ್ಲೂ ಇದೆ. ಹಳದಿ ಮಾರ್ಗದ ಸಿಬಿಟಿಸಿ (ಸಂವಹನ ಆಧಾರಿತ ರೈಲು ನಿಯಂತ್ರಣ) ಪದ್ಧತಿಯಲ್ಲಿ ರೈಲು ತಾನಿರುವ ಜಾಗವನ್ನು ರೇಡಿಯೊ ಮೂಲಕ ಕ್ಷಣಕ್ಷಣಕ್ಕೂ ತಿಳಿಸುತ್ತಿರುತ್ತದೆ. ಹಿಂದಿನ ರೈಲು ಸುರಕ್ಷಿತ ಅಂತರವನ್ನಷ್ಟೇ ಬಿಟ್ಟು ಮುಂದಿನದರ ಬಾಲದವರೆಗೂ ಬರಬಹುದು. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆಯನ್ನು ನಾನು ಕಂಡಿಲ್ಲ.

15 ಆಗಸ್ಟ್, ಶುಕ್ರವಾರ

ರಜೆ. ಮೊಮ್ಮಗಳದು ಹೊಸ ಪ್ರಶ್ನೆ: ನಮ್ಮ ಮಾರ್ಗದ ಒಂದೆರಡು ರೈಲನ್ನು ಹಳದಿ ಮಾರ್ಗಕ್ಕೆ ಕಳಿಸಬಾರದೇ? ಆಗದು. 2019ರಲ್ಲಿ ಚೀನಾದ ಸಿಆರ್‌ಆರ್‌ಸಿಗೆ ಕೊಟ್ಟ 216 ಬೋಗಿಗಳ ಗುತ್ತಿಗೆಯಲ್ಲೇ ಎರಡು ಜಾತಿ: ನೇರಳೆ, ಹಸಿರು ಮಾರ್ಗಗಳಿಗೆ 21 ರೈಲು, ಹಳದಿಗೆ 15. ಸಿಗ್ನಲ್ ಉಪಕರಣ ಬೇರೆಯಾದ್ದರಿಂದ ಅಲ್ಲಿಯದು ಇಲ್ಲಿ ಓಡದು, ಇಲ್ಲಿಯದು ಅಲ್ಲಿ ಓಡದು.

18 ಆಗಸ್ಟ್, ಸೋಮವಾರ

ನೇರಳೆ ಮಾರ್ಗಕ್ಕೂ ಸಿಬಿಟಿಸಿ ಬರಲೇಬೇಕಾದ ಕಾಲ ಬರುತ್ತದೆ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ 43 ಕಿ.ಮೀ.ಗೂ ಹೆಚ್ಚು. ಓಡುತ್ತಿರುವ ಮಾರ್ಗದ ಸಿಗ್ನಲ್ ಬದಲಿಸುವುದು ಹೊಸ ಮಾರ್ಗ ಕಟ್ಟುವುದಕ್ಕಿಂತ ಕಷ್ಟ. ಕೊನೆಯ ರೈಲು ಡಿಪೊ ಸೇರಿದ ಮೇಲೆ, ಬೆಳಗಿನ ಮೊದಲ ರೈಲು ಹೊರಡುವುದರೊಳಗೆ ಸಿಗುವ ಕೆಲವೇ ಗಂಟೆಗಳಲ್ಲಿ ಕೆಲಸ ಮುಗಿಯಬೇಕು. ಪ್ರತಿ ರೈಲಿಗೂ ಹೊಸ ಉಪಕರಣ ಕೂಡಿಸಬೇಕು. ಹೊಸದು ಪರೀಕ್ಷೆಯಲ್ಲಿ ಗೆಲ್ಲುವವರೆಗೆ ಹಳೆಯದು ದುಡಿಯುತ್ತಲೇ ಇರಬೇಕು. 2023ರಲ್ಲಿ ಕೆಂಗೇರಿಯಾಚೆ ಚಲ್ಲಘಟ್ಟ ಎಂಬ ಒಂದೇ ನಿಲ್ದಾಣವನ್ನು ಜೋಡಿಸುವ ಸಿಗ್ನಲ್ ಕೆಲಸಕ್ಕೂ ಈ ಭಾಗದಲ್ಲಿ ರೈಲು ನಿಲ್ಲಿಸಬೇಕಾಗಿತ್ತು.

ಹಾಗಾಗಿ ಮೆಟ್ರೊ ನಿಗಮದವರಲ್ಲಿ ನನ್ನದೊಂದು ಕೋರಿಕೆ: ಸಿಗ್ನಲ್‌ಗೂ ರೈಲಿಗೂ ಒಟ್ಟಿಗೇ ಟೆಂಡರ್ ಕರೆಯಿರಿ, ರೈಲು ನಿಲ್ಲುವ ದಿನಗಳನ್ನು ಜನಕ್ಕೆ ಮುಂಚಿತವಾಗಿ ತಿಳಿಸಿ. ರೈಲೇ ಇಲ್ಲದಿದ್ದರೆ ಎಂಥ ಒಳ್ಳೆಯ ಸಿಗ್ನಲ್ ಇದ್ದರೂ ಜನ ಕಾಯುವುದು ತಪ್ಪುವುದಿಲ್ಲ.