ಮಂತ್ರ ಬಲ್ಲೋರು ಏನು ಕೇಳಿದ್ರು?

ನಮ್ಮ ಅರಸೀಕೆರೆ ಕಡೆ ಮಗು ಎರಡು ದಿನ ಹಾಲು ಬಿಟ್ರೆ, ಕರೆಯೋ ಹಸು ಒದೆಯೋಕೆ ಶುರು ಮಾಡಿದ್ರೆ, ಹೊಸ ಸೊಸೆ ಮಂಕಾಗಿ ಕೂತ್ರೆ, ಮೊದ್ಲು ಬರೋ ಮಾತು ಒಂದೇ. "ದೃಷ್ಟಿ ತೆಗೆದ್ರಾ?" ಉಪ್ಪು, ಒಣಮೆಣಸಿನಕಾಯಿ, ನಾಕು ಪೊರಕೆ ಕಡ್ಡಿ ಹಿಡ್ಕೊಂಡು ಮೂರು ಸಾರಿ ನಿವಾಳಿಸಿ ಒಲೆಗೆ ಹಾಕ್ತೀವಿ. ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಜಾಸ್ತಿ ಇತ್ತು ಅಂತೀವಿ. ನಾನೂ ತೆಗೀತೀನಿ. ಅದಕ್ಕೆ ಖರ್ಚಿಲ್ಲ, ಯಾರಿಗೂ ನೋವಿಲ್ಲ. ನಿವಾಳಿಸೋ ಆ ಎರಡು ನಿಮಿಷ ಒಬ್ಬರು ನಮ್ಮನ್ನೇ ನೋಡ್ತಾ ಎದುರಿಗೆ ನಿಂತಿರ್ತಾರಲ್ಲ, ಅದೇ ಅರ್ಧ ಔಷಧಿ.

ಅದರ ಮುಂದಿನ ಮಾತು ಬೇರೆ. "ಇದು ದೃಷ್ಟಿಯಲ್ಲ ಕಣಮ್ಮ, ಯಾರೋ ಮಾಡ್ಸಿದಾರೆ" ಅಂತ ಒಬ್ಬರು ಅಂದ ಕೂಡ್ಲೆ ಮನೆ ಒಳಕ್ಕೆ ಹೊರಗಿನ ಮನುಷ್ಯ ಬರ್ತಾನೆ. ಅವನು ಎಲ್ಲಿಯೋನೇ ಆಗಿರ್ಲಿ, ಕೊಳ್ಳೇಗಾಲದಲ್ಲಿ ಕಲ್ತು ಬಂದೋನು ಅಂತಾನೆ. ಪಾಪ, ಆ ಊರಿನ ಹೆಸರು ಇಂಥೋರಿಂದ ಸುಮ್ಮನೆ ಕೆಟ್ಟೈತೆ. ಬಂದೋನು "ಇದು ಹಿಂದಿನಿಂದ ಬಂದ ವಿದ್ಯೆ, ಋಷಿಮುನಿಗಳ ಕಾಲದ್ದು" ಅಂತ ಶುರು ಮಾಡ್ತಾನೆ. ಸರಿ, ಹಿಂದಿನೋರ ಕಥೆ ನಮಗೂ ಗೊತ್ತಿರ್ಬೇಕಲ್ವಾ? ಅವನ ಬಾಯಿಂದ ಯಾಕೆ ಕೇಳ್ಬೇಕು? ನಾನು ಓದಿದ್ದು, ಬಸದಿ ಗುಡಿಗಳಲ್ಲಿ ಕೇಳಿದ್ದು ಇಲ್ಲಿ ಬರೀತಿದೀನಿ.

ಮೊದ್ಲು ನಮ್ಮ ಹೊಯ್ಸಳರದ್ದೇ ತಗೊಳ್ಳಿ. ಬೇಲೂರು ಗುಡಿಗೆ ಹೋದೋರೆಲ್ಲ ಸಳ ಹುಲಿ ಹೊಡೆಯೋ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡಿರ್ತೀರಿ. "ಹೊಯ್ ಸಳ" ಅಂತ ಗುರುಗಳು ಅಂದ್ರು, ಹುಡುಗ ಹುಲಿ ಕೊಂದ, ಇಷ್ಟು ಎಲ್ಲರಿಗೂ ಗೊತ್ತು. ಆ ಗುರುಗಳು ಆಗ ಏನು ಮಾಡ್ತಿದ್ರು ಅನ್ನೋದು ಮಾತ್ರ ಬಿಟ್ಟುಹೋಗೈತೆ. ಊರು ಸೊಸೆವೂರು, ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಗುರುಗಳು ಸುದತ್ತ ಅನ್ನೋ ಜೈನ ಮುನಿ. ಮಂತ್ರದಿಂದ ಪದ್ಮಾವತಿ ದೇವಿಯನ್ನ ಒಲಿಸ್ಕೊಳ್ತಿದ್ರಂತೆ. ಅದನ್ನ ಕೆಡಿಸೋಕೇ ಹುಲಿ ನುಗ್ಗಿ ಬಂತು ಅಂತ ಶಾಸನದಲ್ಲಿ ಬರುತ್ತೆ. ಚರಿತ್ರೆ ಬರೆಯೋರು ಇದನ್ನ ಐತಿಹ್ಯ ಅಂತಾರೆ. ಇರ್ಲಿ, ಕಥೆಯೊಳಗೇ ನೋಡೋಣ. ಮುನಿ ಮಂತ್ರ ಮಾಡ್ತಿದ್ದಿದ್ದು ಯಾತಕ್ಕೆ? ರಾಜ್ಯ ಬೆಳೀಲಿ ಅಂತ. ಮೈಮೇಲೆ ಬಟ್ಟೆ ಕೂಡ ಇಟ್ಕೊಳ್ದ ಮುನಿಗೆ ತನಗಂತ ಏನು ಬೇಕಿತ್ತು ಹೇಳಿ.

ಇದಕ್ಕಿಂತ ಹಳೇದು, ನನಗೆ ಬಹಳ ಹಿಡಿಸಿದ್ದು ಹೇಲಾಚಾರ್ಯರ ಕಥೆ. ನರಸಿಂಹರಾಜಪುರದ ಜ್ವಾಲಾಮಾಲಿನಿ ಅಮ್ಮನ ಗುಡಿಗೆ ನಿಮ್ಮಲ್ಲಿ ಎಷ್ಟೋ ಜನ ಹೋಗಿದೀರಿ. ಆ ದೇವಿಯ ಮಂತ್ರವಿಧಿ ಹೇಳೋ ಪುಸ್ತಕ ಒಂದೈತೆ, ಜ್ವಾಲಾಮಾಲಿನಿ ಕಲ್ಪ ಅಂತ. ಇಂದ್ರನಂದಿ ಅನ್ನೋರು 939ರಲ್ಲಿ ಮಾನ್ಯಖೇಟದಲ್ಲಿ, ಅಂದ್ರೆ ಈಗಿನ ಕಲಬುರಗಿ ಜಿಲ್ಲೆ ಮಳಖೇಡದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ಬರೆದದ್ದು. ನಮ್ಮ ಬೇಲೂರು ಗುಡಿ ಆಗಿದ್ದು 1117ರಲ್ಲಿ. ಅದಕ್ಕೂ 178 ವರ್ಷ ಮುಂಚೆ.

ಆ ಪುಸ್ತಕದ ಮೊದಲಲ್ಲೇ ಒಬ್ಬ ಹೆಣ್ಣುಮಗಳು ಬರ್ತಾಳೆ, ಕಮಲಶ್ರೀ. ಹೇಲಾಚಾರ್ಯರ ಶಿಷ್ಯೆ. ಓದಿದೋಳು, ಶಾಸ್ತ್ರ ತಿಳಿದೋಳು. ಅವಳಿಗೆ ಬ್ರಹ್ಮರಾಕ್ಷಸ ಹಿಡೀತಂತೆ. ಅಳೋಳು, ನಗೋಳು, ಏನೇನೋ ಮಾತಾಡೋಳು. ಗುರುಗಳಿಗೆ ತಡೆಯೋಕಾಗ್ಲಿಲ್ಲ. ನೀಲಗಿರಿ ಅನ್ನೋ ಬೆಟ್ಟದ ಮೇಲೆ ಹೋಗಿ ಜ್ವಾಲಾಮಾಲಿನಿಯನ್ನ ಆರಾಧನೆ ಮಾಡಿದ್ರು. ಏಳನೇ ದಿನ ದೇವಿ ಬಂದು "ಏನು ಬೇಕು" ಅಂದಳು. "ನನಗೆ ಯಾವ ಭೋಗಭಾಗ್ಯವೂ ಬೇಡ ತಾಯಿ, ಕಮಲಶ್ರೀಯನ್ನ ಬಿಡಿಸಿಕೊಡು, ಅಷ್ಟೇ" ಅಂದ್ರು. ದೇವಿ ಕಬ್ಬಿಣದ ತಗಡಿನ ಮೇಲೆ ಮಂತ್ರ ಬರೆದುಕೊಟ್ಟಳು ಅಂತ ಕಥೆ.

ನೋಡಿ, ಬೆಟ್ಟ ಹತ್ತಿದ್ದು ಯಾರು? ಗುರುಗಳು. ಏಳು ದಿನ ಕಷ್ಟಪಟ್ಟಿದ್ದು ಯಾರು? ಗುರುಗಳೇ. ಕಮಲಶ್ರೀಗೆ ಒಂದು ಏಟು ಬಿದ್ದಿದ್ದಾಗ್ಲಿ, ಅವಳನ್ನ ಉಪವಾಸ ಕೆಡವಿದ್ದಾಗ್ಲಿ, ಅವಳ ತವರಿಂದ ದುಡ್ಡು ತರ್ಸಿದ್ದಾಗ್ಲಿ ಈ ಕಥೆಯಲ್ಲಿ ಇಲ್ಲ. ಇನ್ನೂ ಒಂದು ಸಂಗತಿ. ಹೇಲಾಚಾರ್ಯರ ನಂತರ ಈ ವಿದ್ಯೆ ಯಾರ್ಯಾರ ಕೈ ದಾಟಿ ಬಂತು ಅಂತ ಹೆಸರು ಕೊಟ್ಟಿದಾರೆ. ಅದರಲ್ಲಿ ಕ್ಷಾಂತಿರಸಬ್ಬೆ ಅನ್ನೋ ಆರ್ಯಿಕೆಯ ಹೆಸರೂ ಐತೆ. ಆರ್ಯಿಕೆ ಅಂದ್ರೆ ಜೈನ ಸನ್ಯಾಸಿನಿ. ಅಂದ್ರೆ ಸಾವಿರ ವರ್ಷದ ಹಿಂದೆ ಹೆಣ್ಣು ಬರೀ ದೆವ್ವ ಹಿಡಿಸ್ಕೊಳ್ಳೋಳಾಗಿರ್ಲಿಲ್ಲ, ಬಿಡಿಸೋ ವಿದ್ಯೆ ಕಲ್ತು ಕಲಿಸೋಳೂ ಆಗಿದ್ಳು. ಈಗಿನ ಮಂತ್ರವಾದಿಗಳು ಈ ಹೆಸರು ಹೇಳೋದು ನಾನಂತೂ ಕೇಳಿಲ್ಲ.

ಇದೇ ತರದ್ದು ನಮ್ಮ ಬಿಟ್ಟಿದೇವನ ಮಗಳ ಕಥೆ. ಅರಸನ ಮಗಳಿಗೆ ಬ್ರಹ್ಮರಾಕ್ಷಸ ಹಿಡಿದಿತ್ತು, ಯಾರ ಕೈಲೂ ಬಿಡಿಸೋಕಾಗ್ಲಿಲ್ಲ, ರಾಮಾನುಜಾಚಾರ್ಯರು ಬಂದು ಬಿಡಿಸಿದ್ರು, ಅರಸ ವಿಷ್ಣುವರ್ಧನ ಅಂತ ಹೆಸರಿಟ್ಕೊಂಡ ಅಂತ ಹೇಳ್ತಾರೆ. ಕಥೆ ಹೇಳೋರು ಅರಸನ ಹೆಸರು ಹೇಳ್ತಾರೆ, ಗುರುಗಳ ಹೆಸರು ಹೇಳ್ತಾರೆ. ಹುಡುಗಿ ಹೆಸರು ಏನು ಅಂತ ಕೇಳಿದ್ರೆ ಸುಮ್ಮನಾಗ್ತಾರೆ. ಅವಳಿಗೆ ಏನಾಗಿತ್ತು, ಆಮೇಲೆ ಹೆಂಗಿದ್ಳು, ಯಾರಿಗೂ ಬೇಡ. ಕಥೆಯ ಬಾಲಕ್ಕೆ ಮಾತ್ರ ಇನ್ನೊಂದು ಸೇರ್ಸಿದಾರೆ, ಸೋತ ಜೈನರನ್ನ ಗಾಣಕ್ಕೆ ಹಾಕಿ ಅರೆಸಿದ್ರು ಅಂತ.

ಹಳೇಬೀಡಿಗೆ ಹೋದಾಗ ದೊಡ್ಡ ಗುಡಿ ನೋಡಿ ಹಂಗೇ ವಾಪಸ್ ಬರಬೇಡಿ. ಅಲ್ಲೇ ಹತ್ರ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿ ಐತೆ, ಕನ್ನಡಿ ಹಂಗೆ ಹೊಳೆಯೋ ಕಂಬಗಳದ್ದು. ದಂಡನಾಯಕ ಗಂಗರಾಜನ ನೆನಪಿಗೆ ಮಗ ಬೊಪ್ಪ 1133ರಲ್ಲಿ ಮಾಡಿಸಿದ್ದು. ಪ್ರತಿಷ್ಠೆ ಆದ ಮೇಲೆ ಅರ್ಚಕರು ಪ್ರಸಾದ ಹಿಡ್ಕೊಂಡು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಹತ್ರ ಹೋದ್ರು. ಅದೇ ಹೊತ್ತಿಗೆ ಯುದ್ಧ ಗೆದ್ದಿದ್ದ, ಗಂಡುಮಗು ಹುಟ್ಟಿತ್ತು. ಅರಸ ಎದ್ದು ಕೈಮುಗಿದು ಪ್ರಸಾದ ತಗೊಂಡು, ದೇವರಿಗೆ ವಿಜಯ ಪಾರ್ಶ್ವ ಅಂತಲೂ ಮಗನಿಗೆ ವಿಜಯ ನರಸಿಂಹ ಅಂತಲೂ ಹೆಸರಿಟ್ಟ. ಇದು ಅಲ್ಲಿಯ ಶಾಸನದ ಮಾತು. ಶಾಂತಲಾದೇವಿ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿ, ಕೊನೇವರೆಗೂ ಜೈನಳಾಗೇ ಇದ್ದಳು. ಗಾಣದ ಕಥೆ ಎಲ್ಲಿ, ಇದೆಲ್ಲಿ! ಹುಷಾರಿಲ್ಲದ ಒಂದು ಹುಡುಗಿಯನ್ನ ಮುಂದಿಟ್ಕೊಂಡು ದೊಡ್ಡೋರು ತಮ್ಮ ತಮ್ಮ ಗೆಲುವಿನ ಕಥೆ ಕಟ್ಕೊಳ್ಳೋದು ಆಗಿಂದ್ಲೂ ಇರೋದೇ.

ಹಳೇಬೀಡಿನ ದೊಡ್ಡ ಗುಡಿ ಗೋಡೆ ಮೇಲೆ ಭೈರವ ಇದಾನೆ. ಜೊತೆಗೆ ಎಲುಬು ಲೆಕ್ಕ ಹಾಕೋ ಹಂಗಿರೋ ಬೇತಾಳಗಳು. ಮಕ್ಕಳು ನೋಡಿ ಹೆದರ್ಕೊತವೆ. ಭೈರವ ಅಂದ ಕೂಡ್ಲೆ ಜನಕ್ಕೆ ನೆನಪಾಗೋದು ಸುಡುಗಾಡಿನ ಪೂಜೆ ಮಾಡೋ ಕಾಳಾಮುಖರು. ಅವರ ಹೆಸರು ಕೇಳಿದ್ರೇ ಭಯ ಬೀಳೋ ಹಂಗೆ ಬರೆದಿದಾರೆ. ಆದ್ರೆ ಅವರ ದೊಡ್ಡ ಮಠ ಇದ್ದಿದ್ದು ಶಿಕಾರಿಪುರದ ಹತ್ರ ಬಳ್ಳಿಗಾವೆಯಲ್ಲಿ, ಕೋಡಿಯಮಠ ಅಂತ. ನಮ್ಮ ಹಾರನಹಳ್ಳಿ ಕೋಡಿಮಠ ಅಲ್ಲ, ಇದು ಬೇರೆ. ಅಲ್ಲಿನ 1162ರ ಶಾಸನದಲ್ಲಿ ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಪಟ್ಟಿ ಐತೆ. ವೇದ ಶಾಸ್ತ್ರ ವ್ಯಾಕರಣ ಕಲಿಸ್ತಿದ್ರು, ದೀನರಿಗೆ ಅನಾಥರಿಗೆ ಊಟ ಹಾಕ್ತಿದ್ರು, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಕೊಡ್ತಿದ್ರು. ಭೈರವನ ಭಕ್ತರು ಅಂತ ನಾವು ಹೆದರಿದ ಜನ ಬಡವರಿಗೆ ಔಷಧಿ ಅರೀತಿದ್ರು.

ಅದೇ ಬಳ್ಳಿಗಾವೆಯ ಅಲ್ಲಮಪ್ರಭು, ಗೋರಕ್ಷನ ಕಥೆ ಶೂನ್ಯಸಂಪಾದನೆಯಲ್ಲಿ ಬರುತ್ತೆ. ಗೋರಕ್ಷ ದೊಡ್ಡ ಸಿದ್ಧ, ಮೈಯನ್ನೇ ವಜ್ರ ಮಾಡ್ಕೊಂಡಿದ್ದ. ಕತ್ತಿಯಿಂದ ಹೊಡೆದ್ರೆ ಖಣ್ ಅಂತು, ಕೂದಲೂ ಕೊಂಕಲಿಲ್ಲ. ಆಮೇಲೆ ಅಲ್ಲಮ "ಈಗ ನನಗೆ ಹೊಡಿ" ಅಂದ. ಕತ್ತಿ ಗಾಳಿಯೊಳಗೆ ಬೀಸಿದ ಹಂಗೆ ಆಚೆ ಬಂತು. ಗೋರಕ್ಷ ಶರಣಾದ. ಗಟ್ಟಿಯಾಗಿ ನಿಂತು ತೋರಿಸ್ಕೊಳ್ಳೋ ಶಕ್ತಿ ದೊಡ್ಡದಲ್ಲ, "ನಾನು" ಅನ್ನೋದೇ ಇಲ್ದಂಗಾಗೋದು ದೊಡ್ಡದು ಅಂತ ನನಗೆ ಅರ್ಥ ಆಗಿದ್ದು. ಪವಾಡ ಪುರುಷರನ್ನ ಇಷ್ಟು ಚೆನ್ನಾಗಿ ಅಳೆದ ನಾಡು ನಮ್ಮದು.

ಈಗ ಇವತ್ತಿನೋರ ವಿಷಯ. ಎರಡು ವರ್ಷದ ಹಿಂದೆ ನಮ್ಮ ನೆಂಟರ ಮನೇಲಿ ಒಬ್ಬಳು ಬಾಣಂತಿ. ಹೆತ್ತು ಹತ್ತು ದಿನ ಆಗಿರ್ಬಹುದು. ರಾತ್ರಿ ನಿದ್ದೆ ಇಲ್ಲ, ಮಗು ಹತ್ರ ಬಿಟ್ಕೊಳ್ತಿರ್ಲಿಲ್ಲ, "ಇದು ನನ್ನ ಮಗು ಅಲ್ಲ, ಬದಲಾಯ್ಸಿದಾರೆ" ಅನ್ನೋಳು. ಒಂದ್ಗಳಿಗೆ ಅಳು, ಒಂದ್ಗಳಿಗೆ ನಗು. ಗಾಳಿ ಸೋಕೈತೆ ಅಂತ ಒಬ್ಬನ್ನ ಕರೆಸಿದ್ರು. ಅವನು ಬಂದು ನಿಂಬೆಹಣ್ಣು ಕೊಯ್ದ, ರಸ ಕೆಂಪಗೆ ಸುರೀತು. ಮನೆಯೋರೆಲ್ಲ ನಡುಗಿಹೋದ್ರು. "ಮಾಡ್ಸಿರೋರು ದೂರದೋರಲ್ಲ, ಒಳಗಿನ ಹೆಂಗಸೇ" ಅಂದ. ಎಲ್ಲರ ಕಣ್ಣೂ ಆ ಹುಡುಗಿ ವಾರಗಿತ್ತಿ ಮೇಲೆ ಹೋಯ್ತು. ಆಮೇಲೆ ಅವನ ಪಟ್ಟಿ: ಕರಿಕೋಳಿ, ಹನ್ನೊಂದು ಸಾವಿರ ರೂಪಾಯಿ, ಮೂರು ಅಮಾವಾಸ್ಯೆ, ಅಲ್ಲೀತನಕ ಯಾವ ಮಾತ್ರೆನೂ ಕೊಡಬಾರ್ದು. ಬೇವಿನ ಸೊಪ್ಪಿನ ಬರಲು ತರೋಕೆ ಹೇಳ್ದ, ಹೊಡೆಯೋಕೆ.

ಹುಡುಗಿಯ ತವರಿನ ಅಜ್ಜಿ ಕೋಣೆ ಬಾಗಿಲಿಗೆ ಅಡ್ಡ ಕೂತ್ಕೊಂಡ್ರು. "ಇದು ಬಾಣಂತಿ ಸನ್ನಿ ಕಣಪ್ಪ. ನಮ್ಮ ಕಾಲದಲ್ಲೂ ನೋಡಿದೀನಿ. ನಿಂಗೆ ಏನೇನು ಬೇಕು ಅಂತ ಹೇಳ್ದೆ, ನನ್ನ ಮೊಮ್ಮಗಳಿಗೆ ಏನು ಬೇಕು ಅಂತ ಕೇಳಿದ್ಯಾ? ಏಳು, ಆಚೆ ನಡಿ" ಅಂದ್ರು. ಅವತ್ತೇ ಸಂಜೆ ಕಾರು ಮಾಡ್ಕೊಂಡು ಹಾಸನಕ್ಕೆ ಹೋದ್ರು, ಜೊತೇಲಿ ನಾನೂ ಹೋಗಿದ್ದೆ. ಡಾಕ್ಟರು ಹೇಳಿದ್ದೂ ಅದನ್ನೇ. ಹೆರಿಗೆ ಆದ ಮೊದಲ ವಾರಗಳಲ್ಲಿ ಕೆಲವರಿಗೆ ಬರೋ ಕಾಯಿಲೆ, ತಡ ಮಾಡಿದ್ರೆ ತಾಯಿಗೂ ಮಗೂಗೂ ಅಪಾಯ, ಔಷಧಿಗೆ ವಾಸಿ ಆಗುತ್ತೆ ಅಂದ್ರು. ಮೊದ್ಲು ನಿದ್ದೆ ಬಂತು. ಆಮೇಲೆ ಹಸಿವು. ಎರಡು ತಿಂಗಳಿಗೆ ಮಗು ಅವಳ ಮಡಿಲಲ್ಲಿತ್ತು. ಕಾಯಿಲೆ ಏನೋ ಹೋಯ್ತು. ಆ ವಾರಗಿತ್ತಿ ಮಾತ್ರ ಇವತ್ತಿಗೂ ಆ ಮನೇಲಿ ಒಂದು ಲೋಟ ನೀರು ಕುಡಿಯಲ್ಲ. ಅವಳದ್ದು ತಪ್ಪು ಅಂತ ನಾನು ಹೇಳಲಾರೆ.

ಆ ಕೆಂಪು ರಸದ ಗುಟ್ಟು ಹೇಳ್ತೀನಿ ಕೇಳಿ. ದಾಸವಾಳದ ಹೂ ಚೆನ್ನಾಗಿ ಹೊಸಕಿ ಚಾಕುಗೆ ಸವರಿ ಒಣಗಿಸಿ, ಅದರಿಂದ ನಿಂಬೆಹಣ್ಣು ಕೊಯ್ಯಿರಿ. ಹುಳಿ ತಾಗಿದ ಕೂಡ್ಲೆ ಕೆಂಪಾಗುತ್ತೆ. ನಮಗೇನು ಇದು ಹೊಸದಾ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಕೆಂಪಾರತಿ ಮಾಡಿ, ಎಷ್ಟು ಮದುಮಕ್ಕಳಿಗೆ ಎತ್ತಿಲ್ಲ ನಾವು! ನಾವು ಮಾಡಿದ್ರೆ ಆರತಿ, ಅವನು ಮಾಡಿದ್ರೆ ರಕ್ತವಾ? ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲೇ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದ್ರು. ಹುಲಿಕಲ್ ನಟರಾಜ್ ಅವರು ಶಾಲೆ ಶಾಲೆಗೆ ಹೋಗಿ ಇಂಥ ಕೈಚಳಕಗಳನ್ನ ಮಕ್ಕಳ ಮುಂದೆ ಬಯಲು ಮಾಡ್ತಾರೆ. ನಮ್ಮ ಅಡಿಗೆಮನೆಯಲ್ಲೂ ಮಕ್ಕಳಿಗೆ ತೋರಿಸ್ಬಹುದು, ಐದು ನಿಮಿಷದ ಕೆಲಸ.

ಈಗ ಕಾನೂನೂ ಐತೆ. ಅಮಾನವೀಯ ದುಷ್ಟ ಪದ್ಧತಿ, ವಾಮಾಚಾರ ತಡೆಯೋ ಕಾಯ್ದೆ ಕರ್ನಾಟಕದಲ್ಲಿ 2017ರಲ್ಲಿ ಆಯ್ತು, 2020ರಿಂದ ಜಾರಿಗೆ ಬಂತು. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಹಿಂಸೆ ಕೊಡೋದು, ಹಾವು ಚೇಳು ನಾಯಿ ಕಚ್ಚಿದೋರನ್ನ ಆಸ್ಪತ್ರೆಗೆ ಹೋಗದಂಗೆ ತಡೆದು ತಾಯಿತ ಮಂತ್ರ ಅನ್ನೋದು ಅಪರಾಧ. ಒಂದು ವರ್ಷದಿಂದ ಏಳು ವರ್ಷದ ತನಕ ಜೈಲು, ಐದು ಸಾವಿರದಿಂದ ಐವತ್ತು ಸಾವಿರದ ತನಕ ದಂಡ. ದೇವಸ್ಥಾನ, ಹರಕೆ, ಪ್ರದಕ್ಷಿಣೆ, ಜ್ಯೋತಿಷ್ಯ ಇದ್ಯಾವುದಕ್ಕೂ ಇದರಿಂದ ಅಡ್ಡಿ ಇಲ್ಲ. ಹಂಗಾಗಿ "ನಮ್ಮ ಪೂಜೆ ನಿಲ್ಲಿಸ್ತಾರೆ" ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ನನ್ನ ಅಕ್ಕತಂಗಿಯರಿಗೆ, ಸೊಸೆಯಂದಿರಿಗೆ ಹೇಳೋದು ಇಷ್ಟೇ. ಮಂತ್ರ ಸುಳ್ಳೋ ನಿಜವೋ ಅಂತ ಮನೇಲಿ ಜಗಳ ಆಡ್ಕೊಂಡು ಕೂರಬೇಡಿ, ಅದು ತೀರೋ ಜಗಳ ಅಲ್ಲ. ಬಂದೋನು ಏನು ಕೇಳ್ತಾನೆ ನೋಡಿ. ದುಡ್ಡು ಕೇಳ್ತಾನಾ? ಹುಡುಗಿ ಮೇಲೆ ಕೈ ಮಾಡ್ತಾನಾ? ಔಷಧಿ ಬಿಡ್ಸು ಅಂತಾನಾ? ಮನೆಯೋರಲ್ಲೇ ಒಬ್ಬರ ಕಡೆ ಬೆರಳು ತೋರಿಸ್ತಾನಾ? ಇದರಲ್ಲಿ ಒಂದು ಇದ್ರೂ ಸಾಕು, ಅವನು ಹೇಲಾಚಾರ್ಯರ ಕಡೆಯೋನಲ್ಲ. ಬಾಗಿಲು ತೋರಿಸಿ.

ಬಾಣಂತಿ ನಿದ್ದೆ ಬಿಟ್ರೆ, ಮಗು ಬೇಡ ಅಂದ್ರೆ, ಇಲ್ಲದ್ದು ಕಾಣುತ್ತೆ ಕೇಳುತ್ತೆ ಅಂದ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಕೊಂಡು ನೋಡೋ ವಾರ್ಡೇ ಐತೆ. ಯಾರನ್ನ ಕೇಳೋದು ಅಂತ ತೋಚದಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಈ ನಂಬರ್‌ನ ಕ್ಯಾಲೆಂಡರ್ ಹಿಂದೆ ಬರೆದಿಟ್ಕೊಳ್ಳಿ, ಗ್ಯಾಸಿನೋನ ನಂಬರ್ ಪಕ್ಕದಲ್ಲೇ. ಆಮೇಲೆ ಬೇಕಾದ್ರೆ ಉಪ್ಪು ಮೆಣಸಿನಕಾಯಿ ದೃಷ್ಟಿನೂ ತೆಗೀರಿ, ಬೇಡ ಅಂದೋರು ಯಾರು?